‘ಸ್ಟಾಪ್’ ಒಂದೇ ಸಾಕೋ, ಲೆಕ್ಕವೂ ಸರಿಯಿರಬೇಕೋ?

(ಬಿ.ಎಸ್ಸಿ. ಪಿಸಿಎಂ 1992, ಹಳೆಯ ವಿದ್ಯಾರ್ಥಿಗಳ ಗುಂಪು)

ಗಿರೀಶ್: ಲಿಂಕ್ ಹಾಕಿದೀನಿ. ಜರ್ಮನ್ ಬ್ಯಾಂಡ್ ಕ್ರಾಫ್ಟ್‌ವರ್ಕ್‌ನ ಹಾಡು ‘ರೇಡಿಯೋಆಕ್ಟಿವಿಟಿ’, 2005ರ ಲೈವ್ ಆಲ್ಬಂದು. ಆಗಸ್ಟ್ 6ರ ಹಿರೋಶಿಮಾ ದಿನಕ್ಕೆ ಕಾಲೇಜು ಸಭಾಂಗಣದಲ್ಲಿ ಇದನ್ನೇ ಹಾಕೋಣ. ಶುರುವಿನ ರೋಬೋಟ್ ದನಿಯಿಂದ ಹಿಡಿದು ಪೂರ್ತಿ.

ಅನಸೂಯ: ಹಾಡು ಹಾಕೋಣ. ರೋಬೋಟ್ ಮಾತು ಬೇಡ. ಅದರಲ್ಲಿರೋ ಅಂಕಿಗಳನ್ನ ವಿಜ್ಞಾನದ ಮಕ್ಕಳ ಮುಂದೆ ಹಾಗೇ ಬಿಡೋಕಾಗಲ್ಲ.

ಗಿರೀಶ್: ಪ್ರತಿಭಟನೆಯ ಹಾಡು ಕಣೆ ಅದು, ಲ್ಯಾಬ್ ರೆಕಾರ್ಡ್ ಅಲ್ಲ. 1975ರಲ್ಲಿ ಅದೇ ರಾಗ ಯಾರ ಪರವೂ ಇರಲಿಲ್ಲ. ರೇಡಿಯೋ ಪ್ರಸಾರ, ವಿಕಿರಣ, ಎರಡನ್ನೂ ಒಂದೇ ಪದದಲ್ಲಿ ಹಿಡಿದಿದ್ರು. ವಿಕಿರಣ ಅಳೆಯೋ ಗೈಗರ್ ಕೌಂಟರ್‌ನ ಟಿಕ್ ಟಿಕ್ ವೇಗ ಹೆಚ್ಚಿ ಹೆಚ್ಚಿ ಅದೇ ತಾಳವಾಗುತ್ತೆ, ಮೇಲೆ ಆರ್ಕೆಸ್ಟ್ರಾನ್ ಅನ್ನೋ ಕೀಬೋರ್ಡಿನ ಗುಂಪುಗಾಯನ, ಜೊತೆಗೆ ಮೋರ್ಸ್ ಸಂಕೇತ. 1991ರಲ್ಲಿ ಮುಂದೆ ‘ಸ್ಟಾಪ್’ ಸೇರಿಸಿ ಚೆರ್ನೋಬಿಲ್, ಹ್ಯಾರಿಸ್‌ಬರ್ಗ್ (ಅಮೆರಿಕದಲ್ಲಿ ರಿಯಾಕ್ಟರ್ ಅಪಘಾತವಾದ ಕಡೆ), ಸೆಲ್ಲಾಫೀಲ್ಡ್ (ಇಂಗ್ಲೆಂಡಿನ ಅಣು ಸ್ಥಾವರ), ಹಿರೋಶಿಮಾ ಅಂತ ನಾಲ್ಕು ಊರು ಹೆಸರಿಸಿದ್ರು. ಇಪ್ಪತ್ತು ವರ್ಷ ಹಳೆಯ ಬ್ಯಾಂಡ್ ತನ್ನ ಹಾಡಿನ ಅರ್ಥವನ್ನೇ ತಿರುಗಿಸಿ ಸಿಂಗಲ್ ಆಗಿ ಬಿಟ್ಟಿದ್ದು. ಅಷ್ಟು ಧೈರ್ಯ ಎಷ್ಟು ಜನಕ್ಕಿದೆ?

ಅನಸೂಯ: ಅದಕ್ಕೆ ನನ್ನ ತಕರಾರೇ ಇಲ್ಲ. ನಾಲ್ಕು ಊರಿನ ಹೆಸರೇ ಸಾಕು ಅನ್ನೋದು ನನ್ನ ವಾದ. ರೋಬೋಟ್ ಹೇಳೋದು ನಾಲ್ಕು: ಸೆಲ್ಲಾಫೀಲ್ಡ್-2 ವರ್ಷಕ್ಕೆ 7.5 ಟನ್ ಪ್ಲುಟೋನಿಯಂ ಕೊಡುತ್ತೆ, ಒಂದು ಬಾಂಬಿಗೆ 1.5 ಕೆಜಿ ಸಾಕು, ನಾಲ್ಕೂವರೆ ವರ್ಷಕ್ಕೊಮ್ಮೆ ಚೆರ್ನೋಬಿಲ್‌ನಷ್ಟು ವಿಕಿರಣ ಹೊರಬರುತ್ತೆ, ಕ್ರಿಪ್ಟಾನ್-85 ಅನ್ನೋ ವಿಕಿರಣಶೀಲ ಅನಿಲದಿಂದ ಸಾವು, ಚರ್ಮದ ಕ್ಯಾನ್ಸರ್. ಬಿಡಿಸಿ ನೋಡೋಣ.

ಸೆಲ್ಲಾಫೀಲ್ಡ್-2 ಅಂದ್ರೆ ಥಾರ್ಪ್ ಘಟಕ, ರಿಯಾಕ್ಟರ್‌ನಲ್ಲಿ ಬಳಸಿದ ಇಂಧನದ ಮರುಸಂಸ್ಕರಣೆಗೆ ಕಟ್ಟಿದ್ದು. ವಿನ್ಯಾಸದ ಪ್ರಕಾರ ವರ್ಷಕ್ಕೆ 1200 ಟನ್. ಇಂಧನದಲ್ಲಿ ಪ್ಲುಟೋನಿಯಂ ಶೇ 0.6ರಿಂದ 0.9. ಹಾಗಾಗಿ 7.5 ಟನ್ ಅನ್ನೋದು ಸುಳ್ಳಲ್ಲ, ಯೋಜನೆಯ ಲೆಕ್ಕ. ಆದ್ರೆ 1994ರಿಂದ 2018ರವರೆಗೆ ಅದು ಮುಗಿಸಿದ್ದು ಒಟ್ಟು 9,300 ಟನ್ ಚಿಲ್ಲರೆ, ವರ್ಷಕ್ಕೆ ಸರಾಸರಿ 390 ಟನ್. ಪ್ಲುಟೋನಿಯಂ ವರ್ಷಕ್ಕೆ ಸುಮಾರು 3 ಟನ್ ಬಂತು.

ನಾಗರಾಜ್: ಅಂದ್ರೆ ಘಟಕ ಶುರುವಾಗೋ ಮುಂಚೆ ಬರೆದ ಭವಿಷ್ಯತ್ಕಾಲದ ವಾಕ್ಯವನ್ನ 2005ರಲ್ಲೂ ಹಾಗೇ ಹೇಳಿಸಿದ್ದಾರೆ.

ಅನಸೂಯ: ಅದೇ. ಇನ್ನು 1.5 ಕೆಜಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಪಾಸಣೆಗೆ, ಒಂದು ಬಾಂಬಿಗೆ ಆಗುವಷ್ಟು ಅಂತ ಇಟ್ಟುಕೊಂಡಿರೋ ಅಳತೆ 8 ಕೆಜಿ. ನಾಗಸಾಕಿ ಬಾಂಬಿನಲ್ಲಿದ್ದದ್ದು ಸುಮಾರು 6. ಅಮೆರಿಕ ಬಹಿರಂಗ ಮಾಡಿರೋ ಅಂಕಿ 4.

ಗಿರೀಶ್: ಸರಿ, ನಿನ್ನ 8 ಕೆಜಿಯನ್ನೇ ಹಿಡಿ. ನಿನ್ನ 3 ಟನ್ನನ್ನೇ ಹಿಡಿ. ವರ್ಷಕ್ಕೆ 375 ಬಾಂಬಿನ ಸರಕು. ಹಾಡಿನ ದಿಗಿಲು ಎಲ್ಲಿ ಕಡಿಮೆಯಾಯ್ತು?

ಅನಸೂಯ: ಕಡಿಮೆಯಾಗಲಿಲ್ಲ ಕಣೋ. ಹಾಗಿದ್ದ ಮೇಲೆ ಸರಿ ಅಂಕಿಯನ್ನೇ ಯಾಕೆ ಹೇಳಬಾರದು? ಒಂದು ಅಂಕಿ ತಪ್ಪಿದ್ರೆ ಮುಂದಿನ ಸಾಲಿನಲ್ಲಿ ಕೂತ ಹುಡುಗ ಮಿಕ್ಕ ಮೂರನ್ನೂ ತಳ್ಳಿಹಾಕ್ತಾನೆ.

ಫಾತಿಮಾ: ಚೆರ್ನೋಬಿಲ್ ಹೋಲಿಕೆಯೇ ನಂಗೆ ಅರ್ಥ ಆಗ್ತಿಲ್ಲ. ಸರ್, ನೀವು ಸ್ವಲ್ಪ ಹೇಳ್ತೀರಾ?

ಶ್ರೀನಿವಾಸ ಮೇಷ್ಟ್ರು: ಹೇಳುತ್ತೇನಮ್ಮ. ಬಳಸಿದ ಇಂಧನದ ಸರಳುಗಳನ್ನು ಮೊದಲು ತುಂಡು ಮಾಡುತ್ತಾರೆ. ಆಮೇಲೆ ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಆ ದ್ರಾವಣದಿಂದ ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ರಾಸಾಯನಿಕ ಬಳಸಿ ಯುರೇನಿಯಂ, ಪ್ಲುಟೋನಿಯಂ ಎರಡನ್ನೂ ಹೊರತೆಗೆಯುವುದು. ಕತ್ತರಿಸಿ ಕರಗಿಸುವ ಹೊತ್ತಿನಲ್ಲೇ ಒಳಗೆ ಸಿಕ್ಕಿದ್ದ ಕ್ರಿಪ್ಟಾನ್-85 ಬಿಡುಗಡೆಯಾಗುತ್ತದೆ. ಅದು ಜಡಾನಿಲ, ಯಾವುದರ ಜೊತೆಗೂ ಸೇರದು, ಆದ್ದರಿಂದ ಸೋಸುಕಕ್ಕೂ ಸಿಗದು. ಅತಿಶೀತದಲ್ಲಿ ದ್ರವವಾಗಿಸಿ ಹಿಡಿಯಬಹುದು, ಥಾರ್ಪ್‌ನಲ್ಲಿ ಹಾಗೆ ಮಾಡಲಿಲ್ಲ. ಚಿಮಣಿಯಿಂದ ಗಾಳಿಗೆ ಬಿಟ್ಟರು.

ಒಂದು ಟನ್ ಇಂಧನಕ್ಕೆ ಸುಮಾರು 0.3 ಪೆಟಾಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಎನ್ನಿ, ಇಂಧನ ಎಷ್ಟು ವರ್ಷ ಕೊಳದಲ್ಲಿ ತಣಿದಿದೆ ಎಂಬುದರ ಮೇಲೆ ಏರುಪೇರು, ಅರ್ಧಾಯು, ಎಂದರೆ ಅರ್ಧಕ್ಕೆ ಇಳಿಯುವ ಕಾಲ, 10.8 ವರ್ಷ ತಾನೆ. 390 ಟನ್ನಿಗೆ ವರ್ಷಕ್ಕೆ ನೂರಕ್ಕೂ ಹೆಚ್ಚು. ಚೆರ್ನೋಬಿಲ್‌ನಲ್ಲಿ ಹೊರಬಿದ್ದ ಕ್ರಿಪ್ಟಾನ್-85 ಸುಮಾರು 33. ಕ್ರಿಪ್ಟಾನ್ ಒಂದನ್ನೇ ಹೋಲಿಸಿದರೆ ಥಾರ್ಪ್ ನಾಲ್ಕೇ ತಿಂಗಳಲ್ಲಿ ಚೆರ್ನೋಬಿಲ್ ದಾಟಿತು. ಆದರೆ ಜಡಾನಿಲಗಳನ್ನು ಬಿಟ್ಟೇ ಚೆರ್ನೋಬಿಲ್‌ನಿಂದ ಹೊರಬಂದದ್ದು ಸುಮಾರು 5,300. ಒಟ್ಟು ಲೆಕ್ಕದಲ್ಲಿ ನಾಲ್ಕೂವರೆ ವರ್ಷದ ಹೋಲಿಕೆ ನಿಲ್ಲುವುದಿಲ್ಲ.

ಅದಕ್ಕಿಂತ ಮುಖ್ಯ, ಬೆಕೆರೆಲ್ ಎಣಿಸಿದ ಮಾತ್ರಕ್ಕೆ ಅಪಾಯ ಎಣಿಸಿದಂತಾಗುವುದಿಲ್ಲ. ಅಯೋಡಿನ್-131 ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಬಂದು, ಮಗುವಿನ ಥೈರಾಯ್ಡ್‌ನಲ್ಲಿ ಕೂರುತ್ತದೆ. ಕ್ರಿಪ್ಟಾನ್ ಉಸಿರಿನಲ್ಲಿ ಬಂದು ಉಸಿರಿನಲ್ಲೇ ಹೋಗುತ್ತದೆ. ಅದರ ಬೀಟಾ ಕಿರಣ ಹೆಚ್ಚಾಗಿ ತಾಗುವುದು ಚರ್ಮಕ್ಕೆ. ಹಾಡಿನಲ್ಲಿ ಚರ್ಮದ ಮಾತು ಬಂದದ್ದು ಸುಮ್ಮನೆ ಅಲ್ಲ. ಆದರೆ ಒಬ್ಬೊಬ್ಬರಿಗೆ ತಗಲುವ ಪ್ರಮಾಣ ತೀರಾ ಸಣ್ಣದು.

ಗಿರೀಶ್: ಸರ್, ಒಪ್ಪಿದೆ. ಆದ್ರೆ ಸೆಲ್ಲಾಫೀಲ್ಡ್ ಹೆಸರು ಸೇರಿಸಿದ್ದು ತಪ್ಪಾ? ಆ ಲೈವ್ ಆಲ್ಬಂ ಬಂದ 2005ರಲ್ಲೇ ಥಾರ್ಪ್‌ನಲ್ಲಿ ಪೈಪ್ ಒಡೆದದ್ದು ಗೊತ್ತಾಯ್ತು. ತೂಕ ಮಾಡೋಕೆ ಅಂತ ತೂಗುಹಾಕಿದ ಟ್ಯಾಂಕು ಅಲುಗಾಡಿ ಅಲುಗಾಡಿ, ಅದಕ್ಕೆ ಸೇರೋ ಪೈಪಿನ ಲೋಹ ದಣಿದು ಬಿರುಕುಬಿಟ್ಟಿತ್ತು. 83 ಘನ ಮೀಟರ್ ದ್ರಾವಣ, ಅದರಲ್ಲಿ ಸುಮಾರು 20 ಟನ್ ಯುರೇನಿಯಂ, 160 ಕೆಜಿ ಪ್ಲುಟೋನಿಯಂ. ತಿಂಗಳುಗಟ್ಟಲೆ ಸೋರಿದ್ರೂ ಯಾರೂ ಗಮನಿಸಲಿಲ್ಲ.

ಅನಸೂಯ: ಸೋರಿದ್ದು ಸ್ಟೀಲ್ ಹೊದಿಸಿದ ಕೋಣೆಯೊಳಗೇ ನಿಂತಿತು, ಹೊರಗೆ ಬರಲಿಲ್ಲ. ಅದನ್ನೂ ಹೇಳು.

ಗಿರೀಶ್: ಹೇಳ್ತೀನಿ. ಆದ್ರೂ ಅಣು ಅವಘಡಗಳ ಅಂತರರಾಷ್ಟ್ರೀಯ ಮಾಪಕದಲ್ಲಿ ಅದು 3ನೇ ಹಂತದ ಘಟನೆ. ಕಂಪನಿಗೆ 5 ಲಕ್ಷ ಪೌಂಡ್ ದಂಡ ಬಿತ್ತು.

ನಾಗರಾಜ್: ಮಕ್ಕಳು ಕೈಗಾ ಬಗ್ಗೆ ಕೇಳೇ ಕೇಳ್ತಾರೆ. ಏನು ಹೇಳೋದು?

ಶ್ರೀನಿವಾಸ ಮೇಷ್ಟ್ರು: ಕೈಗಾದಲ್ಲಿರುವುದು 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರ್. ಅಲ್ಲಿ ಮರುಸಂಸ್ಕರಣೆ ಇಲ್ಲ. ನಮ್ಮ ದೇಶದಲ್ಲಿ ಅದು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ. ಸೆಲ್ಲಾಫೀಲ್ಡ್‌ನ ಮಾತನ್ನು ತಂದು ಕೈಗಾಕ್ಕೆ ಅಂಟಿಸಬೇಡಿ. ಇನ್ನೊಂದು: ವಿಕಿರಣಶೀಲತೆ ಕಂಡುಹಿಡಿದವರು ಮೇಡಂ ಕ್ಯೂರಿ ಎಂದು ಹಾಡಿನಲ್ಲಿದೆ. 1896ರಲ್ಲಿ ಕಂಡದ್ದು ಬೆಕೆರೆಲ್. ಆ ಹೆಸರಿಟ್ಟದ್ದು 1898ರಲ್ಲಿ ಕ್ಯೂರಿ ದಂಪತಿ.

ಫಾತಿಮಾ: ಯಾವ ಆವೃತ್ತಿ ಅನ್ನೋದು ಈಗ್ಲೇ ತೀರ್ಮಾನ ಆಗಲಿ. ಫುಕುಶಿಮಾ ಆದ್ಮೇಲಿನ ಲೈವ್‌ಗಳಲ್ಲಿ ಹಿರೋಶಿಮಾ ತೆಗೆದು ಫುಕುಶಿಮಾ ಹಾಡ್ತಾರೆ. 2012ರಲ್ಲಿ ಜಪಾನಿನ ನೋ ನ್ಯೂಕ್ಸ್ ಕಛೇರಿಯಲ್ಲಿ ಜಪಾನೀ ಸಾಲುಗಳನ್ನೇ ಹಾಡಿದ್ರು, ಸಂಗೀತಗಾರ ರ್‍ಯೂಯಿಚಿ ಸಾಕಾಮೋಟೊ ಏರ್ಪಡಿಸಿದ್ದ ಕಛೇರಿ ಅದು. ಕೇಳೋಕೆ ಅದೇ ನಂಗೆ ಎಲ್ಲಕ್ಕಿಂತ ಇಷ್ಟ. ಆದ್ರೆ ನಮ್ಮದು ಹಿರೋಶಿಮಾ ದಿನ, ಆ ಹೆಸರೇ ಇಲ್ಲದ ಆವೃತ್ತಿ ಹಾಕಿದ್ರೆ ಹೇಗೆ? ‘ದಿ ಮಿಕ್ಸ್’ ಆಲ್ಬಂನ 1991ರದ್ದು ಹಾಕೋಣ. ರೋಬೋಟ್ ಮಾತಿನ ಗೊಂದಲವೂ ಇರಲ್ಲ.

ನಾಗರಾಜ್: ಸೌಂಡ್ ನನಗೆ ಬಿಡಿ. ಆ ಸಭಾಂಗಣದಲ್ಲಿ ಪ್ರತಿಧ್ವನಿ ಜಾಸ್ತಿ. ವೋಕೋಡರ್ (ದನಿಯನ್ನ ಯಂತ್ರದ ದನಿಯಾಗಿಸೋ ಸಾಧನ) ದನಿಯಲ್ಲಿ ‘ಸ್ಟಾ’ದ ಸಕಾರ, ಕೊನೆಯ ಪಕಾರ ಎರಡೂ ಮೊದಲೇ ತೆಳು. ಬಾಸ್ ಏರಿಸಿದ್ರೆ ಬರೀ ‘ಆ’ ಉಳಿಯುತ್ತೆ, ‘ಸ್ಟಾಪ್’ ಅಂತ ಗೊತ್ತೇ ಆಗಲ್ಲ. 200-300 ಹರ್ಟ್ಜ್ ಹತ್ರ ಸ್ವಲ್ಪ ಇಳಿಸಿ, 3000ದಿಂದ 6000ದವರೆಗೆ ಸ್ವಲ್ಪ ಏರಿಸ್ತೀನಿ. ಬಾಕ್ಸ್‌ಗಳನ್ನ ಗೋಡೆಯಿಂದ ದೂರ, ಕಿವಿಯ ಎತ್ತರಕ್ಕಿಂತ ಮೇಲಿಡಬೇಕು. ಹಿಂದಿನ ದಿನವೇ ಕೊನೆಯ ಸಾಲಿನಲ್ಲಿ ಒಬ್ಬರು ಕೂತು ನಾಲ್ಕೂ ಊರಿನ ಹೆಸರು ಕೇಳಿಸುತ್ತಾ ನೋಡಿ.

ಅನಸೂಯ: ಹಾಡು ಮುಗಿದ ಮೇಲೆ ಒಂದು ಸ್ಲೈಡ್. ಎಡಕ್ಕೆ ಯೋಜನೆಯ ಅಂಕಿ, ಬಲಕ್ಕೆ ನಡೆದದ್ದು. 1200 ಟನ್, 390 ಟನ್. ನಾನೇ ಮಾಡ್ತೀನಿ.

ಗಿರೀಶ್: ರೋಬೋಟ್ ಮಾತು ಬಿಡೋದು ನಂಗೆ ಇನ್ನೂ ಸರಿ ಕಾಣ್ತಿಲ್ಲ. 1991ರದ್ದೇ ಹಾಕಿ, ಆಯ್ತು. ಆದ್ರೆ ಬಲಗಡೆ 83 ಘನ ಮೀಟರ್ ಇರಲೇಬೇಕು ಅನಸೂಯ.

ಅನಸೂಯ: ಇರುತ್ತೆ. ಕೋಣೆಯೊಳಗೇ ನಿಂತಿತು ಅನ್ನೋದೂ ಇರುತ್ತೆ.