ಬಿಶಾನ್ ಪಾರ್ಕಿನ ನದಿ: ಜೋರು ಮಳೆಗೆ ದಡ ನಿಲ್ಲುತ್ತದಾ?

ಪ್ರಶ್ನೆ:
ಸಿಂಗಾಪುರದಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಬಿಶಾನ್-ಆಂಗ್ ಮೋ ಕಿಯೋ ಪಾರ್ಕ್ ನೋಡಿದೆ. ಕಲ್ಲಾಂಗ್ ನದಿ ಹುಲ್ಲಿನ ನಡುವೆ ಹರಿಯುತ್ತದೆ, ಮಕ್ಕಳು ಬಂಡೆ ಮೇಲೆ ಕಾಲಿಟ್ಟು ದಾಟುತ್ತಾರೆ. ಮೊದಲು ಕಾಂಕ್ರೀಟ್ ಕಾಲುವೆ ಆಗಿತ್ತಂತೆ, ನಿಜಾನಾ? ಮಳೆಗೆ ದಡ ಕೊಚ್ಚಿಹೋಗುವುದಿಲ್ವಾ?

ಉತ್ತರ 1:
ನಿಜ. 2.7 ಕಿ.ಮೀ. ನೇರ ಕಾಲುವೆ ತೆಗೆದು 3.2 ಕಿ.ಮೀ. ಅಂಕುಡೊಂಕಾದ ನದಿ ಮಾಡಿ 2012ರಲ್ಲಿ ತೆರೆದರು. ಸುಮ್ನೆ ಮಣ್ಣು ಸುರಿದಿಲ್ಲ. ದಡವನ್ನು ಹಿಡಿದಿರುವುದು ಗಿಡದ ಬೇರು, ಕಲ್ಲು ಮತ್ತು ನಾರಿನ ಹಾಸು. ಅದಕ್ಕೂ ಮೊದಲು ಪಾರ್ಕಿನದೇ ಒಂದು ಚಿಕ್ಕ ಚರಂಡಿಯಲ್ಲಿ 10 ವಿಧಾನಗಳನ್ನು ಪರೀಕ್ಷಿಸಿ, ತಡೆದುಕೊಂಡ 7 ವಿಧಾನಗಳನ್ನು ಮಾತ್ರ ನದಿಗೆ ಬಳಸಿದರು. ನನಗೆ ತುಂಬಾ ಇಷ್ಟವಾದ ಕೆಲಸ ಇದೇ.

ಉತ್ತರ 2:
ಮಳೆ ಜಾಸ್ತಿಯಾದರೆ ನೀರು ಹುಲ್ಲುಗಾವಲಿನ ಮೇಲೆ ಹರಡಿಕೊಳ್ಳಲಿ ಅಂತಲೇ ಜಾಗ ಬಿಟ್ಟಿದ್ದಾರೆ. ಮಟ್ಟ ಏರಿದರೆ ಸೈರನ್ ಕೂಗುತ್ತದೆ, ದೀಪ ಮಿನುಗುತ್ತದೆ. ದಡ ಇಳಿಜಾರಾಗಿರುವುದರಿಂದ ಜನ ಹತ್ತಿ ದೂರ ಹೋಗಬಹುದು, ಕಾಲುವೆಯ ನೆಟ್ಟಗಿನ ಗೋಡೆಯಲ್ಲಿ ಅದು ಆಗುತ್ತಿರಲಿಲ್ಲ ಅಲ್ವಾ? ಒಡೆದ ಕಾಂಕ್ರೀಟ್ ಕೂಡ ಅಲ್ಲೇ ಒಂದು ದಿಬ್ಬವಾಗಿದೆ, ಹತ್ತಿ ನೋಡಿದ್ರಾ?

ಪ್ರಶ್ನೆ ಕೇಳಿದವರು:
ಇಲ್ಲ, ನೀರುನಾಯಿ ನೋಡುತ್ತಾ ನಿಂತುಬಿಟ್ಟೆವು. ಮುಂದಿನ ಸಲ ಖಂಡಿತ ಹತ್ತುತ್ತೇನೆ. ಇಬ್ಬರಿಗೂ ಥ್ಯಾಂಕ್ಸ್.