ಬೈದ ಮೇಲೆ ಮಗಳು ಕೇಳಿದಳು, "ಈಗ ಎಷ್ಟು ಇಷ್ಟ?"

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಐದೂವರೆ ವರ್ಷ. ರಾತ್ರಿ ಒಂದು ಚಿತ್ರಪುಸ್ತಕ ಓದದೆ ಮಲಗುವುದಿಲ್ಲ. ಎರಡು ತಿಂಗಳಿಂದ ಒಂದೇ ಪುಸ್ತಕ, 1994ರಲ್ಲಿ ಬಂದ 'ಗೆಸ್ ಹೌ ಮಚ್ ಐ ಲವ್ ಯೂ'. ಪುಟ್ಟ ಮೊಲ ಕೈ ಚಾಚಿ ಇಷ್ಟು ಪ್ರೀತಿ ಅಂತ ತೋರಿಸುತ್ತದೆ. ದೊಡ್ಡ ಮೊಲದ ಕೈ ಇನ್ನೂ ಉದ್ದ. ಪುಟ್ಟದು ಜಿಗಿಯುತ್ತದೆ, ದೊಡ್ಡದು ಇನ್ನೂ ಎತ್ತರ ಜಿಗಿಯುತ್ತದೆ. ಹೀಗೇ ಚಂದ್ರನವರೆಗೂ ಹೋಗುತ್ತದೆ.

ನಾನು ಓದುತ್ತಾ ಓದುತ್ತಾ ಕನ್ನಡದಲ್ಲಿ ಹೇಳುತ್ತೇನೆ. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಒಂದು ಸಲ ಹೇಳಿ ನೋಡಿದೆ. ನನ್ನ ಬಾಯಿಗೆ ಅದು ಒಗ್ಗಲಿಲ್ಲ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಅಲ್ವಾ? ಅದಕ್ಕೆ ಎರಡೂ ಕೈ ಅಗಲಿಸಿ, "ನೀನಂದ್ರೆ ನಂಗೆ ಇಷ್ಟು ಇಷ್ಟ" ಅಂದೆ. ಆ "ಇಷ್ಟು ಇಷ್ಟ" ಅವಳಿಗೆ ತುಂಬಾ ಹಿಡಿಸಿತು. ಈಗ ದಿನಾ ಅದೇ ಆಟ.

ಹೋದ ವಾರ ಅವಳು ಅಜ್ಜಿಯ ಕಿವಿಯ ಮೆಷಿನ್ ತೆಗೆದುಕೊಂಡು ಲೋಟದ ನೀರಿನಲ್ಲಿ ಹಾಕಿದ್ದಳು. ಸ್ನಾನ ಮಾಡಿಸಿದ್ದಂತೆ. ನಾನು ಜೋರಾಗಿ ಬೈದೆ. ಅವಳಿಗೆ ಅಷ್ಟು ಜೋರು ಯಾವತ್ತೂ ಬೈದಿರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಎರಡು ಅಂಗೈಗಳನ್ನು ಹತ್ತಿರ ತಂದು, ಮಧ್ಯೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಕೇಳಿದಳು. "ಅಪ್ಪಾ, ಈಗ ಎಷ್ಟು ಇಷ್ಟ? ಇಷ್ಟೇನಾ?"

"ಇಲ್ಲ ಪುಟ್ಟಾ, ಮೊದಲಿನಷ್ಟೇ ಇದೆ" ಅಂತ ಕೈ ಅಗಲಿಸಿದೆ. ಆದರೆ ನನ್ನ ಮುಖದಲ್ಲಿ ಕೋಪ ಇನ್ನೂ ಹೋಗಿರಲಿಲ್ಲ. ಅವಳು ನನ್ನ ಕೈ ನೋಡಲಿಲ್ಲ, ಮುಖ ನೋಡಿದಳು. ನಂಬಲಿಲ್ಲ.

ಅಳತೆ ಕಲಿಸಿದವನು ನಾನೇ. ಏರುತ್ತದೆ ಅಂದಮೇಲೆ ಇಳಿಯಲೂಬೇಕು ಅಂತ ಮಗು ಲೆಕ್ಕ ಹಾಕಿದೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಪ್ರೀತಿ ಅಂದರೆ ಏನು ಅಂತ ಇಷ್ಟು ಚಿಕ್ಕ ಮಗುವಿಗೆ ನೀವೆಲ್ಲ ಹೇಗೆ ಹೇಳುತ್ತೀರಿ? ಇದಕ್ಕೆ ಒದಗುವ ಚಿತ್ರಪುಸ್ತಕ ಇದೆಯಾ?

ಉತ್ತರ 1

ಇದೆ ಸರ್. ಗ್ರಂಥಾಲಯದಲ್ಲಿ ಹನ್ನೊಂದು ವರ್ಷಗಳಿಂದ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ನಿಮ್ಮ ಮಗಳ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಕೈ ಒಂದು ಪುಸ್ತಕದ ಕಡೆ ಹೋಯಿತು. ಮಾರಿಸ್ ಸೆಂಡಾಕ್ ಬರೆದು ಚಿತ್ರ ಬಿಡಿಸಿದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್', 1963ರದ್ದು.

ಮ್ಯಾಕ್ಸ್ ಅನ್ನುವ ಹುಡುಗ ತೋಳದ ವೇಷ ಹಾಕಿಕೊಂಡು ಮನೆಯೆಲ್ಲ ರಂಪ ಮಾಡುತ್ತಾನೆ. ನಿನ್ನನ್ನು ತಿಂದುಬಿಡುತ್ತೇನೆ ಅಂತ ಅಮ್ಮನಿಗೇ ಹೇಳುತ್ತಾನೆ. ಊಟ ಕೊಡದೆ ಮಲಗಲು ಕಳಿಸುತ್ತಾರೆ. ಅವನ ಕೋಣೆಯೇ ಕಾಡಾಗುತ್ತದೆ, ಅವನು ದೋಣಿ ಹತ್ತಿ ಹೋಗಿ ರಾಕ್ಷಸ ಪ್ರಾಣಿಗಳಿಗೆ ರಾಜನಾಗುತ್ತಾನೆ. ಚಿತ್ರಗಳನ್ನು ಗಮನಿಸಿ. ಮೊದಲ ಪುಟದಲ್ಲಿ ಚಿತ್ರ ಚಿಕ್ಕದು, ಸುತ್ತ ಬಿಳಿ ಜಾಗ. ಬರಬರುತ್ತಾ ದೊಡ್ಡದಾಗುತ್ತದೆ. ಪ್ರಾಣಿಗಳ ಕುಣಿತ ಬರುವ ಹೊತ್ತಿಗೆ ಆರು ಪುಟ ಪೂರ್ತಿ ಚಿತ್ರವೇ, ಒಂದಕ್ಷರವೂ ಇಲ್ಲ. ಮಗುವಿನ ಸಿಟ್ಟು ಹೀಗೇ ತಾನೇ ತುಂಬಿಕೊಳ್ಳುವುದು?

ಹೊರಡುವಾಗ ಆ ಪ್ರಾಣಿಗಳು, ನಿನ್ನ ಮೇಲೆ ಅಷ್ಟು ಪ್ರೀತಿ, ಹೋಗಬೇಡ, ತಿಂದುಬಿಡುತ್ತೇವೆ ಅನ್ನುತ್ತವೆ. ಅಮ್ಮ ಮಾತ್ರ ಇಡೀ ಪುಸ್ತಕದಲ್ಲಿ ಒಮ್ಮೆಯೂ ಪ್ರೀತಿ ಅನ್ನುವುದಿಲ್ಲ. ಅವಳ ಚಿತ್ರವೂ ಎಲ್ಲೂ ಇಲ್ಲ. ಮ್ಯಾಕ್ಸ್ ವಾಪಸ್ ಬಂದಾಗ ಕೋಣೆಯಲ್ಲಿ ಊಟ ಇರುತ್ತದೆ. ಕೊನೆಯ ಪುಟದಲ್ಲಿ ಚಿತ್ರ ಇಲ್ಲ, ಆ ಊಟ ಇನ್ನೂ ಬಿಸಿ ಇತ್ತು ಅಂತ ಒಂದು ಸಾಲು, ಅಷ್ಟೇ.

ಒಮ್ಮೆ ಓದಿ ಮುಗಿಸಿದಾಗ ಒಬ್ಬ ಹುಡುಗ ಕೇಳಿದ, "ಅಮ್ಮ ಯಾವಾಗ ತಂದಿಟ್ಟಳು?" ನಾನು ಉತ್ತರ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿಯೇ ಹೇಳಿದಳು, "ಕೋಪ ಇರುವಾಗಲೇ ತಂದಿಟ್ಟಿರ್ತಾಳೆ, ಇಲ್ಲಾಂದ್ರೆ ಆರಿಹೋಗ್ತಿತ್ತು." ದಯವಿಟ್ಟು ಕೊನೆಯ ಪುಟ ತಿರುಗಿಸುವ ಮುಂಚೆ ಸ್ವಲ್ಪ ನಿಲ್ಲಿ. ಅವಳೇ ಏನಾದರೂ ಹೇಳಲಿ.

ಉತ್ತರ 2

ನಾನಂತೂ ವಿವರಿಸುವುದೇ ಬೇಡ ಅನ್ನುತ್ತೇನೆ. ನಮ್ಮ ಮನೆಯಲ್ಲಿ 'ಗುಡ್‌ನೈಟ್ ಮೂನ್' ಓದಿ ಓದಿ ಹಾಳೆ ಬಿಟ್ಟುಕೊಂಡಿದೆ. ಮಾರ್ಗರೆಟ್ ವೈಸ್ ಬ್ರೌನ್ ಬರೆದದ್ದು, 1947ರದ್ದು. ಅದರಲ್ಲಿ ಪ್ರೀತಿ ಅನ್ನುವ ಮಾತೇ ಇಲ್ಲ. ಮರಿ ಮೊಲ ಹಾಸಿಗೆಯಲ್ಲಿ ಮಲಗಿ ಕೋಣೆಯ ಒಂದೊಂದೇ ವಸ್ತುವಿಗೆ ಗುಡ್‌ನೈಟ್ ಹೇಳುತ್ತದೆ. ವಯಸ್ಸಾದ ಮೊಲವೊಂದು ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿರುತ್ತದೆ. ಪುಟ ತಿರುಗಿಸಿದಂತೆ ಕೋಣೆ ಕತ್ತಲಾಗುತ್ತಾ ಹೋಗುತ್ತದೆ.

ನನ್ನ ಮಗ ಗಡಿಯಾರ ನೋಡಲು ಕಲಿತ ವಾರ ಚಿತ್ರದಲ್ಲಿದ್ದ ಗಡಿಯಾರ ಅವನ ಕಣ್ಣಿಗೆ ಬಿತ್ತು. ಶುರುವಿನಲ್ಲಿ ಏಳು ಗಂಟೆ, ಕೊನೆಗೆ ಎಂಟು ಹತ್ತು. ಬೆರಳಿಟ್ಟು ಎಣಿಸಿದ. "ಅಮ್ಮಾ, ಈ ಮರಿಗೆ ನಿದ್ದೆ ಬರೋಕೆ ಎಪ್ಪತ್ತು ನಿಮಿಷ ಬೇಕಾಯ್ತು!" ಕೊನೆಯ ಚಿತ್ರದಲ್ಲಿ ಆ ಕುರ್ಚಿ ಮೇಲೆ ಬೆಕ್ಕಿನ ಮರಿಗಳು ಮಾತ್ರ ಮಲಗಿವೆ. ಮರಿ ನಿದ್ದೆ ಹೋದ ಮೇಲೆಯೇ ದೊಡ್ಡ ಮೊಲ ಎದ್ದಿದೆ. ನಾನು ಅಷ್ಟು ವರ್ಷ ಓದಿದ್ದರೂ ಇದನ್ನು ನೋಡಿರಲಿಲ್ಲ. ಅವನು ತೋರಿಸಿದ.

ಬೈದ ದಿನ ಹೆಚ್ಚು ಮಾತಾಡಬೇಡಿ. ಅವಳ ಹತ್ತಿರ ಸುಮ್ನೆ ಕೂತಿರಿ.

ಉತ್ತರ 3

ಯಾರಾದರೂ 'ದ ಗಿವಿಂಗ್ ಟ್ರೀ' ಹೇಳುವ ಮುಂಚೆ ನಾನು ಹೇಳಿಬಿಡುತ್ತೇನೆ. ಅದು ಈಗ ಬೇಡ. ಮರ ಹಣ್ಣು, ಕೊಂಬೆ, ಕಾಂಡ ಎಲ್ಲ ಕೊಟ್ಟು ಕೊನೆಗೆ ಬುಡವಾಗಿ ಉಳಿಯುತ್ತದೆ. ದೊಡ್ಡವರು ಅದರ ಬಗ್ಗೆ ಎಷ್ಟು ಬೇಕಾದರೂ ಚರ್ಚೆ ಮಾಡಲಿ. ಪ್ರೀತಿ ಖಾಲಿಯಾಗುತ್ತದಾ ಅಂತ ಹೆದರಿರುವ ಮಗುವಿಗೆ ಬುಡ ತೋರಿಸುವುದು ಸರಿಯಲ್ಲ.

ಮೇಲಿನ ಅಕ್ಕನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನಪ್ಪನೂ ಏನೂ ಹೇಳುತ್ತಿರಲಿಲ್ಲ. ಕಾಲೇಜು ಬದಲಾಯಿಸುವ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಗಿ ಮೂರು ವಾರ ಮಾತು ಬಿಟ್ಟಿದ್ದೆವು. ನಾನು ದಿನಾ ಸೈಕಲ್ ಹತ್ತಿ ಹೋಗುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಆ ಸೈಕಲನ್ನು ಗೆಳೆಯನಿಗೆ ಕೊಟ್ಟೆ. ನಾಲ್ಕೇ ದಿನಕ್ಕೆ ಅವನು ಬಂದು, "ಹಿಂದಿನ ಚಕ್ರ ದಿನಾ ಗಾಳಿ ಬಿಡುತ್ತೆ, ನೀನು ಹೇಗೆ ಓಡಿಸ್ತಿದ್ದೆ?" ಅಂತ ಕೇಳಿದ. ನನಗೆ ಗೊತ್ತೇ ಇರಲಿಲ್ಲ. ನಾನು ಏಳುವ ಮುಂಚೆ ಅಪ್ಪ ಪಂಪ್ ಹೊಡೆದಿಡುತ್ತಿದ್ದರು. ಆ ಮೂರು ವಾರವೂ ಹೊಡೆದಿದ್ದರು.

ಅದು ಗೊತ್ತಾದಾಗ ಅಪ್ಪ ಇರಲಿಲ್ಲ. ಆ ಮೂರು ವಾರ ಅಪ್ಪನಿಗೆ ನಾನು ಬೇಡವಾದೆ ಅಂದುಕೊಂಡೇ ಕಳೆದಿದ್ದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, "ಇಷ್ಟು ಇಷ್ಟ" ಹೇಳುವುದನ್ನು ಬಿಡಬೇಡಿ. ಕೋಪ ಬಂದಾಗ "ಕೋಪ ಬಂದಿದೆ, ಆದರೂ ಇಷ್ಟು ಇಷ್ಟ" ಅಂತ ಎರಡನ್ನೂ ಹೇಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ಸೈಕಲ್ ಬಗ್ಗೆ ಬರೆದವರೇ, ನಿಮ್ಮ ಮಾತನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಕಿವಿಯ ಮೆಷಿನ್ ಬದುಕಿತು. ಬ್ಯಾಟರಿ ತೆಗೆದು, ತೇವ ಹೀರುವ ಡಬ್ಬಿಯಲ್ಲಿ ಎರಡು ದಿನ ಇಟ್ಟಿದ್ದೆವು. ಈಗ ರಾತ್ರಿ ಅದನ್ನು ಒಣ ಬಟ್ಟೆಯಲ್ಲಿ ಒರೆಸುವುದು ಮಗಳ ಕೆಲಸ. ಅಜ್ಜಿ ಪಕ್ಕದಲ್ಲೇ ಕೂತಿರುತ್ತಾರೆ.

ಮ್ಯಾಕ್ಸ್ ಪುಸ್ತಕ ತಂದು ಓದಿದೆ. ಕೊನೆಯ ಪುಟದ ಮುಂಚೆ ನಿಂತೆ. ಅವಳು ಏನೂ ಹೇಳಲಿಲ್ಲ. ಇನ್ನೊಂದು ಸಲ ಓದು ಅಂದಳು, ಅಷ್ಟೇ. ಮೂರು ಸಲ ಓದಿಸಿದಳು.

ನಿನ್ನೆ ಅವಳು ಕಟ್ಟಿದ್ದ ಬ್ಲಾಕ್ಸ್ ಗೋಪುರ ನನ್ನ ಕಾಲು ತಾಗಿ ಬಿತ್ತು. ಅವಳಿಗೆ ಸಿಟ್ಟು ಬಂತು. ಮುಖ ಊದಿಸಿಕೊಂಡು ನನ್ನ ಮುಂದೆ ಬಂದು ನಿಂತು ಎರಡೂ ಕೈ ಎಷ್ಟು ಆಗುತ್ತೋ ಅಷ್ಟು ಅಗಲಿಸಿದಳು. "ನಂಗೆ ಕೋಪ ಬಂದಿದೆ ಅಪ್ಪಾ" ಅಂದಳು. ಕೈ ಹಾಗೇ ಹಿಡಿದುಕೊಂಡಿದ್ದಳು.

'ಗುಡ್‌ನೈಟ್ ಮೂನ್' ಇನ್ನೂ ಕೈಗೆ ಸಿಕ್ಕಿಲ್ಲ. ಅವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಅಷ್ಟರೊಳಗೆ ಕಲಿಸಬೇಕು ಅಂದುಕೊಂಡಿದ್ದೇನೆ.