1:12 ಅಳತೆಯಲ್ಲಿ ಹಳೇ ಕಾಲದ ಅಂಗಡಿಯ ಮಾದರಿ: ಹಲಗೆ ಬಾಗಿಲು, ಹೆಂಚು, ದೀಪದ ಬಗ್ಗೆ ಸಲಹೆ ಬೇಕು

ಉಳಿಪೆಟ್ಟಿಗೆ:
ಮುಂದೆ ಹಲಗೆ ಬಾಗಿಲು, ಮೇಲೆ ಹೆಂಚು, ಒಳಗೆ ಗೋಡೆ ತುಂಬಾ ಮರದ ಡ್ರಾಯರ್. ಇಂಥ ಹಳೇ ಅಂಗಡಿಯ ಮಾದರಿ ಮಾಡಬೇಕೆಂದಿದ್ದೇನೆ. ಇಡುವ ಜಾಗ 350 ಮಿ.ಮೀ. ಅಗಲ, 250 ಮಿ.ಮೀ. ಆಳ, ಎದುರಿನಿಂದ ಮಾತ್ರ ಕಾಣುತ್ತದೆ. ಗೋಡೆ, ಮಾಡಿಗೆ 5 ಮಿ.ಮೀ. ಫೋಮ್ ಬೋರ್ಡ್ (ಎರಡು ಕಾಗದಗಳ ನಡುವೆ ಫೋಮ್ ಇರುವ ಹಗುರ ಹಲಗೆ), ಉಳಿದದ್ದಕ್ಕೆ ಬಾಸ್‌ವುಡ್ ಎಂಬ ಮೆದು ಮರ. 1:12 (ನಿಜದ ಅಳತೆಯ ಹನ್ನೆರಡನೇ ಒಂದು ಭಾಗ) ಹಿಡಿಸುತ್ತಾ, ಇಲ್ಲಾ 1:24ಕ್ಕೆ ಇಳಿಯಬೇಕಾ? ಹಲಗೆಗಳನ್ನು ನಿಜವಾಗಿ ತೆಗೆದು ಹಾಕುವಂತಿರಬೇಕು, ಹೇಗೆ? ದೀಪದ ವೈರು ಯಾವಾಗ ಎಳೆಯಬೇಕು?

ಅಳತೆಪಟ್ಟಿ:
ಹಿಡಿಸುತ್ತೆ. ಸಾಮಾನು ತೋರಿಸಬೇಕಾದ ಮಾದರಿಗೆ 1:24 ಬೇಡ ಅಂತಲೇ ನನ್ನ ಅಭಿಪ್ರಾಯ. 250 ಮಿ.ಮೀ. ಎತ್ತರದ ಗಾಜಿನ ಭರಣಿ 1:12ರಲ್ಲಿ 21 ಮಿ.ಮೀ. ಇರುತ್ತೆ, 1:24ರಲ್ಲಿ ಬರೀ 10. ಡ್ರಾಯರ್ ಗುಬುಟು ಸಾಸಿವೆಗಿಂತ ಚಿಕ್ಕದಾಗುತ್ತೆ.

ಆಳದ ಲೆಕ್ಕ ಮೊದಲು ಹಾಕಿ. ಜಗಲಿಗೆ 50, ಬಾಗಿಲ ಚೌಕಟ್ಟಿಗೆ 10, ಹಿಂಗೋಡೆಗೆ 5, ಅದರ ಹಿಂದೆ ವೈರಿಗೆ 15 ಬಿಟ್ಟರೆ ಒಳಗೆ ಉಳಿಯೋದು 170. ಅದರಲ್ಲಿ ಕೌಂಟರ್ 45, ಅಂಗಡಿಯವರು ನಿಲ್ಲೋ ಜಾಗ 60, ಡ್ರಾಯರ್ ಸಾಲು 25. ಇಷ್ಟಾದರೂ 40 ಮಿಗುತ್ತೆ. ಕೌಂಟರ್ ಎತ್ತರ 75, ಬಾಗಿಲ ತೆರಪು 170 ಇರಲಿ. ಜಾಗ ಸಾಲದಿದ್ದರೆ ಸಾಮಾನಿನ ಸಂಖ್ಯೆ ಕಡಿಮೆ ಮಾಡಿ, ಒಂದೊಂದರ ಗಾತ್ರ ಕುಗ್ಗಿಸಬೇಡಿ. ಗಾತ್ರ ತಪ್ಪಿದ್ದು ಕಣ್ಣಿಗೆ ತಕ್ಷಣ ಹೊಡೆಯುತ್ತೆ.

ಮರ ಮುಟ್ಟೋ ಮೊದಲು ಹಳೇ ರಟ್ಟಿನಲ್ಲಿ ಇಡೀ ಅಂಗಡಿ ಕತ್ತರಿಸಿ ನಿಲ್ಲಿಸಿ, ಇಡೋ ಜಾಗದಲ್ಲೇ ಇಟ್ಟು ನೋಡಿ. ಕಣ್ಣಿನ ಮಟ್ಟ ಸೂರಿಗಿಂತ ಮೇಲಿದ್ದರೆ ಮೇಲಿನ ಎರಡು ಮೂರು ಸಾಲು ಡ್ರಾಯರ್ ಕಾಣೋದೇ ಇಲ್ಲ. ಅಲ್ಲಿ ಗೆರೆ ಕೊರೆದ ಹಲಗೆ ಸಾಕು. ಎಳೆದರೆ ಬರೋ ಡ್ರಾಯರ್ ಕಣ್ಣೆದುರಿಗೆ ಎರಡೇ ಇರಲಿ, ಸುತ್ತ ಅರ್ಧ ಮಿ.ಮೀ. ಸಡಿಲ ಬಿಟ್ಟು.

ಮರಗೀಸುಳಿ:
ಹಲಗೆ ಬಾಗಿಲ ಗುಟ್ಟು ಇಷ್ಟೇ: ಹಲಗೆಯ ತುದಿ ಕೂರೋ ಗ್ರೂವ್ (ಸೀಳು) ಮೇಲೆ ಆಳ, ಕೆಳಗೆ ಕಮ್ಮಿ. ಮೇಲೆ 6, ಹೊಸ್ತಿಲಲ್ಲಿ 3 ಮಿ.ಮೀ. ತೆರಪು 170 ಆದರೆ ಹಲಗೆ ಉದ್ದ 175. ಮೇಲಕ್ಕೆ ತೂರಿಸಿದಾಗ ಕೆಳತುದಿ ಹೊಸ್ತಿಲನ್ನು 1 ಮಿ.ಮೀ. ದಾಟುತ್ತೆ. ನೇರ ಮಾಡಿ ಇಳಿಸಿದರೆ ಕೆಳಗೆ 3, ಮೇಲೆ 2 ಮಿ.ಮೀ. ಕಚ್ಚಿಕೊಳ್ಳುತ್ತೆ. ಇಷ್ಟು ಸಣ್ಣ ಗ್ರೂವನ್ನು ಕೊರೆಯೋಕೆ ಹೋಗಬೇಡಿ, ಕೈ ಜಾರುತ್ತೆ. 3 ಮಿ.ಮೀ. ದಪ್ಪದ ಎರಡು ಪಟ್ಟಿಗಳ ನಡುವೆ 2.5 ಮಿ.ಮೀ. ದಪ್ಪದ ಗಿಡ್ಡ ಪಟ್ಟಿ ಅಂಟಿಸಿದರೆ ಗ್ರೂವ್ ತಾನಾಗೇ ಆಗುತ್ತೆ. ಹಲಗೆ ದಪ್ಪ 2.

ಎಲ್ಲರೂ ಎಡವೋದು ಅಗಲದಲ್ಲಿ. 240 ತೆರಪಿಗೆ 17ರಂತೆ 14 ಹಲಗೆ, 238, ಸರಿಯಾಯ್ತು ಅನ್ಸುತ್ತೆ. ಬಣ್ಣ ಬಳಿದ ಮೇಲೆ ಒಂದೊಂದು ಹಲಗೆಯ ಅಗಲ 0.2 ಮಿ.ಮೀ. ಹೆಚ್ಚಾದರೂ ಒಟ್ಟು 2.8, ಕೊನೆಯ ಹಲಗೆ ಕೂರಲ್ಲ. ತೇವದ ದಿನಗಳಲ್ಲಿ ಮರ ಎಳೆಗೆ ಅಡ್ಡಡ್ಡ ಉಬ್ಬುತ್ತೆ, ಅದೂ ಸೇರುತ್ತೆ. 16.8ಕ್ಕೆ ಕತ್ತರಿಸಿ, ಅಂಚಿಗೆ ಬಣ್ಣ ತೆಳುವಾಗಿರಲಿ. ಹಲಗೆಗಳ ಹಿಂಬದಿ 1, 2, 3 ಅಂತ ಬರೆದಿಡಿ. ನಿಜವಾದ ಅಂಗಡಿಗಳಲ್ಲೂ ಹಾಗೇ ತಾನೆ!

ಬಣ್ಣದಡಬ್ಬಿ:
ಫೋಮ್ ಬೋರ್ಡ್ ಬಗ್ಗೆ ಎರಡು ಎಚ್ಚರಿಕೆ. ಒಂದೇ ಬದಿಗೆ ನೀರಿನ ಬಣ್ಣವೋ ಬಿಳಿ ಅಂಟೋ ಬಳಿದರೆ ಒಣಗುವಾಗ ಬಿಲ್ಲಿನಂತೆ ಬಾಗುತ್ತೆ, ಅದಕ್ಕೇ ಹಿಂಬದಿಗೂ ಒಂದು ಕೈ ಬಳಿಯಿರಿ. ಇನ್ನು ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಎರಡೂ ಒಳಗಿನ ಫೋಮನ್ನು ತಿಂದುಹಾಕುತ್ತವೆ. ಕತ್ತರಿಸಿದ ಅಂಚಿಗೆ ಕಾಗದ ಅಂಟಿಸಿ ಮುಚ್ಚಿಬಿಡಿ. ಭರಣಿಗೆ ಅಕ್ರಿಲಿಕ್ ಬಳಸಿದರೆ ಅದರ ಹತ್ತಿರವೂ ಸೂಪರ್ ಗ್ಲೂ ಬೇಡ, ಆವಿಗೇ ಬಿಳಿ ಮಂಜು ಕೂರುತ್ತೆ.

ಮರಕ್ಕೆ ಸ್ಟೇನ್ (ಮರದೊಳಗೆ ಇಂಗೋ ಬಣ್ಣ) ಹಚ್ಚೋದು ಜೋಡಿಸೋ ಮುಂಚೆ. ಅಂಟು ಒಸರಿದ ಜಾಗ ಸ್ಟೇನ್ ಕುಡಿಯಲ್ಲ, ಡ್ರಾಯರ್ ಸಂದಿಯಲ್ಲೆಲ್ಲಾ ಬಿಳಿ ಮಚ್ಚೆ ಉಳಿಯುತ್ತೆ. ಆಮೇಲೆ ಏನು ಉಜ್ಜಿದರೂ ಪೂರ್ತಿ ಹೋಗಲ್ಲ.

ಉಳಿಪೆಟ್ಟಿಗೆ:
ಹಲಗೆ ಲೆಕ್ಕ ಅರ್ಥವಾಯ್ತು, ತುಂಬಾ ಉಪಕಾರ. ಹೆಂಚನ್ನು ಗಾಳಿಗೆ ಒಣಗುವ ಜೇಡಿಯಲ್ಲಿ ಮಾಡಿದರೆ ಹೇಗೆ? ದೀಪ ಚಾವಣಿಯ ನಡುವೆ ಒಂದೇ ಸಾಕಾ?

ಅಳತೆಪಟ್ಟಿ:
ಹೆಂಚು 33×20 ಮಿ.ಮೀ. ಇಟ್ಟು 8 ಮಿ.ಮೀ. ಮೇಲೊಂದು ಹಾಸಿದರೆ, ನಿಮ್ಮ ಮಾಡಿಗೆ 11 ಸಾಲು, ಸಾಲಿಗೆ 17, ಒಟ್ಟು 187. ಒಡೆಯೋದೂ ಸೇರಿಸಿ 200 ಬೇಕು. 2 ಮಿ.ಮೀ. ದಪ್ಪದ ಜೇಡಿಯಾದರೆ ಅರ್ಧ ಕಿಲೋ ಹತ್ತಿರ ತೂಗುತ್ತೆ, ಫೋಮ್ ಬೋರ್ಡ್ ಮಾಡು ತಗ್ಗುತ್ತೆ. ಜೊತೆಗೆ ಒಣಗುವಾಗ ಕುಗ್ಗಿ ಸೊಟ್ಟಗಾಗುತ್ತೆ. ಜೇಡಿಯೇ ಬೇಕಂದರೆ ಮಾಡಿಗೆ 3 ಮಿ.ಮೀ. ಪ್ಲೈವುಡ್ ಹಾಕಿ. ಇಲ್ಲವಾದರೆ 1.5 ಮಿ.ಮೀ. ರಟ್ಟು ಕತ್ತರಿಸಿ, ಬಣ್ಣಕ್ಕೆ ಸ್ವಲ್ಪ ನುಣ್ಣನೆ ಮರಳು ಬೆರೆಸಿ ಬಳಿಯಿರಿ. ಹಾಸೋದು ಸೂರಿನಿಂದ ಮೇಲಕ್ಕೆ. ಮೊದಲ ಸಾಲಿನ ಅಡಿಗೆ ತೆಳು ಪಟ್ಟಿ ಅಂಟಿಸದಿದ್ದರೆ ಆ ಸಾಲೊಂದು ಬೇರೆ ಓರೆಯಲ್ಲಿ ಮಲಗಿಬಿಡುತ್ತೆ.

ದೀಪ ನಡುವೆ ಬೇಡ, ಕೌಂಟರ್ ಮೇಲಷ್ಟೇ ಬೆಳಕು ಬಿದ್ದು ಡ್ರಾಯರ್‌ಗಳು ಕತ್ತಲಾಗುತ್ತವೆ. ಬಾಗಿಲ ಮೇಲ್ಪಟ್ಟಿಯ ಹಿಂದೆ, ಒಳಮುಖವಾಗಿ, 3 ಮಿ.ಮೀ.ನ ಮೂರು ವಾರ್ಮ್ ವೈಟ್ ಎಲ್‌ಇಡಿ ಸಾಲಾಗಿ ಜೋಡಿಸಿ. 12 ವೋಲ್ಟಿಗೆ ಮೂರೂ ಸೀರೀಸ್‌ನಲ್ಲಿ (ಒಂದರ ಹಿಂದೊಂದು), ಒಂದು 330 ಓಮ್ ರೆಸಿಸ್ಟರ್. ಸುಮಾರು 9 ಮಿಲಿಆಂಪ್ ಹರಿಯುತ್ತೆ, ಅಷ್ಟು ಬೆಳಕು ಸಾಕು. ವೈರು ಎಳೆಯೋದು ಗೋಡೆ ನಿಲ್ಲಿಸಿದ ಮೇಲೆ, ಡ್ರಾಯರ್ ಸಾಲು ಅಂಟಿಸೋ ಮುಂಚೆ. ಆಗಲೇ ಕತ್ತಲಲ್ಲಿ ಹಚ್ಚಿ ನೋಡಿ, ಫೋಮ್ ಬೋರ್ಡ್ ಮೂಲೆಗಳಿಂದ ಬೆಳಕು ಸೋರುತ್ತಿದ್ದರೆ ಹೊರಬದಿಗೆ ಕಪ್ಪು ಬಣ್ಣ ಬಳಿದು ಆಮೇಲೆ ಗೋಡೆಯ ಬಣ್ಣ ಹಚ್ಚಿ. ಮಾಡನ್ನು ಮಾತ್ರ ಅಂಟಿಸಬೇಡಿ, ಎತ್ತಿ ತೆಗೆಯೋ ಹಾಗಿರಲಿ, ಎಲ್‌ಇಡಿ ಕೆಟ್ಟರೆ ಕೈ ಹಾಕೋಕೆ ಬೇರೆ ದಾರಿ ಇರಲ್ಲ.